ಹೆಸರಿನ ಹಿಂದೆ ಹೋಗಬೇಡಿ, ಜಮೀನಿನ ಹಿಂದೆ ಹೋಗಿ

ಪ್ರಶ್ನೆ: ಇಂಗ್ಲೆಂಡಿನ ಬಾರ್ಕ್ಲಿ ಕೋಟೆಯ ಇತಿಹಾಸ ಓದುತ್ತಿದ್ದೇನೆ. 1417ರಲ್ಲಿ ಅಲ್ಲಿನ ಲಾರ್ಡ್ ಥಾಮಸ್ ತೀರಿಕೊಂಡಾಗ ಗಂಡು ಮಕ್ಕಳಿರಲಿಲ್ಲ, ಎಲಿಜಬೆತ್ ಎಂಬ ಒಬ್ಬಳೇ ಮಗಳು. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ವಂಶವೃಕ್ಷದಲ್ಲಿ ಅವಳೇ ವಾರಸುದಾರಳು ಎಂದಿದೆ. ಇನ್ನೊಂದರಲ್ಲಿ ಥಾಮಸನ ತಮ್ಮನ ಮಗ ಜೇಮ್ಸ್ ವಾರಸುದಾರ ಎಂದಿದೆ. ಯಾವುದು ಸರಿ? 600 ವರ್ಷ ಹಿಂದಿನ ಮನೆತನದ ಆಸ್ತಿ ಯಾರಿಂದ ಯಾರಿಗೆ ಹೋಯಿತು ಎಂದು ಹೇಗೆ ಪತ್ತೆ ಮಾಡುತ್ತಾರೆ? ಬೆಂಗಳೂರಿನಲ್ಲೇ ಕೂತು ಇದನ್ನು ಮಾಡಬಹುದೇ?

ಉತ್ತರ: ಎರಡೂ ಸರಿ. ತಮಾಷೆ ಮಾಡುತ್ತಿಲ್ಲ. ಎಲಿಜಬೆತ್ ವಾರಸುದಾರಳು ಹೌದು, ಜೇಮ್ಸ್ ವಾರಸುದಾರನೂ ಹೌದು. ಆದರೆ ಇಬ್ಬರೂ ಒಂದೇ ಆಸ್ತಿಗೆ ಅಲ್ಲ. ನಿಮಗೆ ಸಿಕ್ಕ ವಂಶವೃಕ್ಷಗಳ ತಪ್ಪು ಇರುವುದು ಇಲ್ಲೇ. 'ವಾರಸುದಾರ' ಎಂದು ಬರೆದು ಬಿಟ್ಟಿದ್ದಾರೆ, 'ಯಾವುದಕ್ಕೆ' ಎಂದು ಬರೆದಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ವಂಶವೃಕ್ಷ ಬರೆಯುತ್ತಾರೆ. ಆಮೇಲೆ ಅದರ ಕೊಂಬೆಗಳಿಗೆ ಊರು, ಕೋಟೆಗಳನ್ನು ನೇತುಹಾಕುತ್ತಾರೆ. ನಾನು ಉಲ್ಟಾ ಮಾಡಿ ಎನ್ನುತ್ತೇನೆ. ಒಂದು ಮ್ಯಾನರ್ ಹಿಡಿಯಿರಿ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ನೋಡಿ. ಆಮೇಲೆ ಇನ್ನೊಂದು ಮ್ಯಾನರ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನುಷ್ಯರು ಹುಟ್ಟಿದ್ದಕ್ಕೆ ಕಾಗದ ಇಲ್ಲ. ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಾವುಗಳ ದಫ್ತರ ಇಡಬೇಕೆಂದು ಆಜ್ಞೆಯಾದದ್ದು 1538ರಲ್ಲಿ. ಅದಕ್ಕೂ ಮೊದಲು ಕಾಗದ ಹುಟ್ಟುತ್ತಿದ್ದದ್ದು ಜಮೀನಿಗೆ ಮತ್ತು ದುಡ್ಡಿಗೆ. ಹಾಗಾಗಿ ಜಮೀನನ್ನು ಹಿಂಬಾಲಿಸಿದರೆ ಮನುಷ್ಯರು ತಾವಾಗಿ ಸಿಗುತ್ತಾರೆ.

ಮ್ಯಾನರ್ ಎಂದರೆ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ. ಅದು ಊರಲ್ಲ, ಬಂಗಲೆಯೂ ಅಲ್ಲ. ಒಡೆಯನ ಸ್ವಂತ ಸಾಗುವಳಿ ಭೂಮಿ, ಒಕ್ಕಲುಗಳಿಂದ ಬರುವ ಗೇಣಿ ಮತ್ತು ಬಿಟ್ಟಿ ದುಡಿಮೆ, ಅವರ ಜಗಳ ತೀರ್ಮಾನಿಸುವ ಒಂದು ನ್ಯಾಯಸಭೆ ಇಷ್ಟೂ ಸೇರಿದ ಹಕ್ಕಿನ ಗಂಟು ಅದು. ಒಂದೇ ಊರಲ್ಲಿ ಎರಡು ಮೂರು ಮ್ಯಾನರ್ ಇರಬಹುದು. ಒಂದು ಮ್ಯಾನರ್ ನಾಲ್ಕು ಊರಿಗೆ ಹರಡಿರಬಹುದು. 'ಈ ಊರು ಇವರದ್ದು' ಎಂಬ ಮಾತನ್ನು ಅದಕ್ಕೇ ಸುಮ್ನೆ ನಂಬಬಾರದು.

ಈಗ ನಿಮ್ಮ ಬಾರ್ಕ್ಲಿಗೆ ಬರೋಣ. ಗ್ಲಾಸ್ಟರ್‌ಷೈರಿನಲ್ಲಿ ಸೆವರ್ನ್ ನದಿಯ ಹತ್ತಿರದ ಊರು. 1327ರಲ್ಲಿ ಪದಚ್ಯುತ ದೊರೆ ಎರಡನೆಯ ಎಡ್ವರ್ಡ್ ಸೆರೆಯಲ್ಲಿದ್ದು ಸತ್ತದ್ದು ಇದೇ ಕೋಟೆಯಲ್ಲಿ. ಸಿಡುಬಿನ ಲಸಿಕೆಯ ಎಡ್ವರ್ಡ್ ಜೆನ್ನರ್ ಹುಟ್ಟಿದ್ದೂ ಇದೇ ಊರಲ್ಲಿ. ಕೋಟೆ ಇವತ್ತಿಗೂ ಅದೇ ಮನೆತನದ ಕೈಯಲ್ಲಿದೆ. ಅವರ ಹಳೆಯ ಪತ್ರಗಳ ಭಂಡಾರವೂ ಕೋಟೆಯಲ್ಲೇ ಉಳಿದಿದೆ. ಕಲಿಯಲು ಇದಕ್ಕಿಂತ ಒಳ್ಳೆಯ ಮನೆತನ ಸಿಗುವುದು ಕಷ್ಟ. ಏಕೆಂದರೆ ಈ ಕೆಲಸದಲ್ಲಿ ಎಡವಬಹುದಾದ ಕಲ್ಲುಗಳೆಲ್ಲ ಇವರ ದಾರಿಯಲ್ಲೇ ಬಿದ್ದಿವೆ.

ಮೊದಲ ಕಲ್ಲು ಹೆಸರಿನದ್ದೇ. 12ನೇ ಶತಮಾನದ ನಡುವಿನವರೆಗೆ ಬಾರ್ಕ್ಲಿಯನ್ನು ಹಿಡಿದಿದ್ದವರು ಬೇರೆಯದೇ ಕುಟುಂಬ. ರೋಜರ್ ಎಂಬ ಹೆಸರು ಅವರಲ್ಲಿ ಮತ್ತೆ ಮತ್ತೆ ಬರುತ್ತದೆ. ಸ್ಟೀಫನ್ ದೊರೆಯ ಕಾಲದ ಅಂತರ್ಯುದ್ಧದಲ್ಲಿ ಅವರು ಬಾರ್ಕ್ಲಿಯನ್ನು ಕಳೆದುಕೊಂಡರು. ಮುಂದೆ ಎರಡನೆಯ ಹೆನ್ರಿ ಆಗಲಿದ್ದ ರಾಜಕುಮಾರ ಅದನ್ನು ಬ್ರಿಸ್ಟಲ್‌ನ ಶ್ರೀಮಂತ ವರ್ತಕ ರಾಬರ್ಟ್ ಫಿಟ್ಸ್‌ಹಾರ್ಡಿಂಗ್‌ಗೆ ಕೊಟ್ಟ. ಕಷ್ಟಕಾಲದಲ್ಲಿ ದುಡ್ಡು ಕೊಟ್ಟು ಕೈಹಿಡಿದವನು ಈ ರಾಬರ್ಟ್. ಹಳಬರು ಸುಮ್ಮನಿರುತ್ತಾರಾ? ಕೊನೆಗೆ ರಾಜಿಯಾಯಿತು. ರಾಬರ್ಟನ ಮಗ ಮಾರಿಸ್ ರೋಜರನ ಮಗಳು ಆಲಿಸ್‌ಳನ್ನು ಮದುವೆಯಾದ. ರೋಜರನ ಮಗ ರಾಬರ್ಟನ ಮಗಳನ್ನು ಮದುವೆಯಾದ. ಹಳೆಯ ಕುಟುಂಬಕ್ಕೆ ಪಕ್ಕದ ಡರ್ಸ್‌ಲಿ ಉಳಿಯಿತು. ಕೋಟೆ ಹಿಡಿದ ಹೊಸಬರು ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡರು.

ಅಂದರೆ 1100ರ ಸುಮಾರಿನ 'ಬಾರ್ಕ್ಲಿಯ ರೋಜರ್' ಮತ್ತು 1180ರ ಸುಮಾರಿನ 'ಬಾರ್ಕ್ಲಿಯ ಮಾರಿಸ್' ಗಂಡು ಸಾಲಿನಲ್ಲಿ ಒಂದೇ ಮನೆತನವಲ್ಲ. ಹೆಸರು ಮಾತ್ರ ಒಂದೇ. ಎರಡನ್ನೂ ಒಂದೇ ಗೆರೆಯಲ್ಲಿ ಎಳೆದ ವಂಶವೃಕ್ಷಗಳನ್ನು ನಾನೇ ಎಷ್ಟೋ ನೋಡಿದ್ದೇನೆ. ಆ ಕಾಲದಲ್ಲಿ ಊರಿನ ಹೆಸರು ವಿಳಾಸ ಇದ್ದ ಹಾಗೆ. ಮನೆ ಬದಲಾದರೆ ಹೆಸರೂ ಬದಲಾಗುತ್ತಿತ್ತು.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಹಿರಿಯ ಮಗನಿಗೆ ಎಲ್ಲ ಜಮೀನು ಹೋಗುತ್ತಿತ್ತು. ಮಗನಿಲ್ಲದಿದ್ದರೆ ಹೆಣ್ಣು ಮಕ್ಕಳಿಗೆ, ಎಷ್ಟು ಜನರಿದ್ದರೆ ಅಷ್ಟು ಸಮಪಾಲು. ಸತ್ತವನ ತಮ್ಮನಿಗಿಂತ, ತಮ್ಮನ ಮಗನಿಗಿಂತ ಮಗಳೇ ಮುಂದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಇಂಗ್ಲೆಂಡಿನಲ್ಲಿ ಹೆಣ್ಣಿಗೆ ಆಸ್ತಿಯೇ ಇರಲಿಲ್ಲ ಎಂದುಕೊಂಡಿರುತ್ತಾರೆ. ಈ ನಿಯಮದ ಪ್ರಕಾರ 1417ರಲ್ಲಿ ಎಲಿಜಬೆತ್‌ಗೆ ಎಲ್ಲವೂ ಹೋಗಬೇಕಿತ್ತು. ಜೇಮ್ಸ್‌ಗೆ ಚೂರೂ ಇಲ್ಲ.

ಹಾಗಾಗದೇ ಇರಲು ಕಾರಣ 68 ವರ್ಷ ಹಿಂದಿನ ಒಂದು ಚರ್ಮದ ತುಂಡು.

1285ರಲ್ಲಿ ಒಂದು ಶಾಸನ ಬಂದಿತ್ತು. ಜಮೀನು ಕೊಡುವವನು ಅದು ಇಂಥ ಸಾಲಿನಲ್ಲೇ ಇಳಿಯಬೇಕು ಎಂದು ಷರತ್ತು ಹಾಕಿದರೆ ಆ ಷರತ್ತನ್ನು ಮುಂದಿನವರು ಪಾಲಿಸಬೇಕು ಎನ್ನುವುದು ಅದರ ಸಾರ. ಹೀಗೆ ಷರತ್ತು ಕಟ್ಟಿದ ಜಮೀನಿಗೆ ಎಂಟೇಲ್ ಆದ ಜಮೀನು ಎನ್ನುತ್ತಾರೆ. ನಮ್ಮ ಥಾಮಸನ ಅಜ್ಜ, ಅವನ ಹೆಸರೂ ಥಾಮಸ್, 1349ರಲ್ಲಿ ಬಾರ್ಕ್ಲಿ ಕೋಟೆ ಮತ್ತು ಅದಕ್ಕೆ ಸೇರಿದ ಹಲವು ಮ್ಯಾನರ್‌ಗಳನ್ನು ಹೀಗೆ ಕಟ್ಟಿಹಾಕಿದ. ತಾನು ಬದುಕಿರುವವರೆಗೆ ತನಗೆ, ಆಮೇಲೆ ಮಗ ಮಾರಿಸ್‌ಗೆ, ಅವನ ನಂತರ 'ಅವನ ಒಡಲಿನ ಗಂಡು ವಾರಸುದಾರರಿಗೆ'. ಈ ನಾಲ್ಕು ಪದ ನೆನಪಿಟ್ಟುಕೊಳ್ಳಿ. ಕಥೆಯಲ್ಲಿ ಇವು ಇನ್ನೊಮ್ಮೆ ಬರುತ್ತವೆ. ಗಂಡು ವಾರಸುದಾರ ಎಂದರೆ ಗಂಡಸಾಗಿದ್ದರೆ ಸಾಲದು. ಮಾರಿಸನಿಂದ ಅವನವರೆಗೆ ನಡುವೆ ಬರುವವರೂ ಎಲ್ಲ ಗಂಡಸರೇ ಆಗಿರಬೇಕು. ಎಲಿಜಬೆತ್‌ಗೆ ಗಂಡು ಮಗ ಹುಟ್ಟಿದ್ದರೂ ಅವನಿಗೆ ಈ ಕೋಟೆ ಬರುತ್ತಿರಲಿಲ್ಲ.

ಈ ಏರ್ಪಾಡು ನಡೆದದ್ದು ಫೈನ್ ಎಂಬ ವಿಧಾನದಲ್ಲಿ. ಫೈನ್ ಎಂದರೆ ಇಲ್ಲಿ ದಂಡ ಅಲ್ಲ, ಅಂತಿಮ ಒಪ್ಪಂದ. ಇಬ್ಬರು ಜಮೀನಿಗಾಗಿ ಕೋರ್ಟಿನಲ್ಲಿ ಜಗಳ ಹೂಡಿದ ಹಾಗೆ ನಟಿಸುತ್ತಾರೆ. ಆಮೇಲೆ ಕೋರ್ಟಿನ ಮುಂದೆ ರಾಜಿಯಾಗುತ್ತಾರೆ. ರಾಜಿಯ ಮಾತುಗಳನ್ನು ಒಂದೇ ಚರ್ಮದ ಹಾಳೆಯಲ್ಲಿ ಮೂರು ಸಲ ಬರೆಯುತ್ತಾರೆ. ಮೇಲೆ ಎರಡು ಪ್ರತಿ, ಕೆಳಗೆ ಅಡ್ಡಲಾಗಿ ಒಂದು. ನಂತರ ಅಂಕುಡೊಂಕಾಗಿ ಕತ್ತರಿಸುತ್ತಾರೆ. ಮೇಲಿನ ಎರಡು ಎರಡೂ ಕಡೆಯವರಿಗೆ. ಕೆಳಗಿನದ್ದು, ಅಂದರೆ 'ಪಾದ', ಕೋರ್ಟಿನ ತಿಜೋರಿಗೆ. ಮುಂದೆ ಯಾರಾದರೂ ನಕಲಿ ಪ್ರತಿ ತಂದರೆ ಕತ್ತರಿಸಿದ ಅಂಚು ಪಾದಕ್ಕೆ ಕೂಡುವುದಿಲ್ಲ, ಸಿಕ್ಕಿಬೀಳುತ್ತಾರೆ. ಎಂಥ ಉಪಾಯ ಅಲ್ವಾ? 1195ರಲ್ಲಿ ಈ ಮೂರನೇ ಪ್ರತಿಯ ಪದ್ಧತಿ ಶುರುವಾಯಿತು. 1830ರ ದಶಕದವರೆಗೆ ನಡೆಯಿತು. ಆ ಪಾದಗಳ ರಾಶಿ ಈಗ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಮನೆತನದ ಪತ್ರಗಳು ಸುಟ್ಟುಹೋಗಿರಬಹುದು, ಇಲಿ ತಿಂದಿರಬಹುದು, ದಾಯಾದಿಗಳು ಕದ್ದಿರಬಹುದು. ಪಾದ ಮಾತ್ರ ಉಳಿದಿರುತ್ತದೆ. ಯಾವುದೇ ಮ್ಯಾನರ್ ಹಿಡಿದರೂ ನಾನು ಮೊದಲು ಹುಡುಕುವುದು ಇದನ್ನೇ.

ಇದೇ ಅಜ್ಜ ಥಾಮಸ್ ಇನ್ನೊಂದು ಕೆಲಸವನ್ನೂ ಮಾಡಿದ್ದ. ಬೆವರ್‌ಸ್ಟನ್ ಕೋಟೆಯ ಮ್ಯಾನರನ್ನು ದುಡ್ಡು ಕೊಟ್ಟು ಕೊಂಡಿದ್ದ. ಅದು ಪಿತ್ರಾರ್ಜಿತ ಅಲ್ಲ, ಸ್ವಯಾರ್ಜಿತ. ಅದನ್ನು ಎರಡನೇ ಹೆಂಡತಿ ಕ್ಯಾಥರೀನ್‌ಳ ಮಗ ಜಾನ್‌ಗೆ ಹೋಗುವಂತೆ ಮಾಡಿದ. ಬೆವರ್‌ಸ್ಟನ್ನಿನ ಬಾರ್ಕ್ಲಿಗಳು ಎಂಬ ಪ್ರತ್ಯೇಕ ಶಾಖೆ ಹೀಗೆ ಹುಟ್ಟಿತು. ಹಿರಿಯ ಮಗನಿಗೇ ಎಲ್ಲ ಎಂಬ ನಿಯಮ ಕಾಗದದ ಮೇಲೆ ಗಟ್ಟಿ. ಆದರೆ ದುಡ್ಡಿದ್ದ ಅಪ್ಪಂದಿರು ಕಿರಿಯ ಮಕ್ಕಳಿಗಾಗಿ ಜಮೀನು ಕೊಳ್ಳುತ್ತಲೇ ಇದ್ದರು. ಕಿರಿಯ ಶಾಖೆಗಳನ್ನು ಹುಡುಕುವಾಗ ಅಪ್ಪ ಏನನ್ನು ಕೊಂಡ ಎಂದು ನೋಡಿ.

ಈ ಕ್ಯಾಥರೀನ್ ಬಗ್ಗೆಯೂ ಹೇಳಬೇಕು. ಗಂಡ ಸತ್ತದ್ದು 1361ರಲ್ಲಿ. ಅವಳು 1385ರವರೆಗೆ ಬದುಕಿದ್ದಳು. ಸಾಯುವ ಹಿಂದಿನ ವರ್ಷ ವುಟನ್ ಅಂಡರ್ ಎಜ್ ಎಂಬಲ್ಲಿ ಒಂದು ಶಾಲೆ ಕಟ್ಟಿಸಿದಳು, ಅವಳ ಹೆಸರಿನ ಶಾಲೆ ಈಗಲೂ ಇದೆ. ಕಾನೂನು ಪ್ರಕಾರ ವಿಧವೆಗೆ ಗಂಡನ ಜಮೀನಿನ ಮೂರನೇ ಒಂದು ಪಾಲು ಜೀವನಪರ್ಯಂತ. ಇದರ ಮೇಲೆ ಮದುವೆಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರೆದುಕೊಟ್ಟ ಮ್ಯಾನರ್‌ಗಳಿದ್ದರೆ ಅವೂ ಅವಳಿಗೆ. ಒಂದು ಮ್ಯಾನರ್ ಕಾಗದದಿಂದ 20, 30 ವರ್ಷ ಮಾಯವಾದರೆ ಕಳೆದುಹೋಯಿತು ಎಂದುಕೊಳ್ಳಬೇಡಿ. ಬಹುಪಾಲು ಯಾವುದೋ ಅಜ್ಜಿ ಅದನ್ನು ಹಿಡಿದುಕೊಂಡು ಕೂತಿರುತ್ತಾಳೆ. ಅದರಲ್ಲೂ ಆಕೆ ಮರುಮದುವೆಯಾಗಿದ್ದರೆ ಎರಡನೇ ಗಂಡನ ಹೆಸರಿನಲ್ಲಿ ಹುಡುಕಬೇಕು.

ಈಗ 1417. ಥಾಮಸ್ ಸತ್ತ. ಅವನ ಜಮೀನನ್ನು ಮೂರು ಗಂಟು ಮಾಡಿಕೊಳ್ಳಿ.

ಒಂದನೇ ಗಂಟು ಅವನದ್ದೇ ಅಲ್ಲ, ಹೆಂಡತಿಯದ್ದು. ಅವಳು ಮಾರ್ಗರೆಟ್, ಲಾರ್ಡ್ ಲೈಲ್ ಎಂಬುವನ ಮಗಳು ಮತ್ತು ವಾರಸುದಾರಳು. ಅವಳ ಜಮೀನುಗಳಲ್ಲಿ ಹೆಸರಾದದ್ದು ಕಿಂಗ್‌ಸ್ಟನ್ ಲೈಲ್. ಹಳೆಯ ಕಾಗದದಲ್ಲಿ ಅದು ಬಾರ್ಕ್‌ಷೈರಿನಲ್ಲಿ, ಈಗಿನ ನಕ್ಷೆಯಲ್ಲಿ ಆಕ್ಸ್‌ಫರ್ಡ್‌ಷೈರಿನಲ್ಲಿ. 1974ರಲ್ಲಿ ಗಡಿ ಬದಲಾಯಿತು, ಹುಡುಕುವಾಗ ಗಮನವಿರಲಿ. ಈ ಗಂಟು ಅಮ್ಮನಿಂದ ಮಗಳು ಎಲಿಜಬೆತ್‌ಗೆ. ಜೇಮ್ಸ್‌ಗೆ ಇಲ್ಲಿ ಮಾತೇ ಇಲ್ಲ, ಅವನಿಗೆ ಲೈಲ್‌ಗಳ ರಕ್ತವೇ ಇಲ್ಲ. ಎರಡನೇ ಗಂಟು ಬಾರ್ಕ್ಲಿಗಳದ್ದೇ ಜಮೀನು, ಆದರೆ 1349ರ ಕಟ್ಟಿಗೆ ಸೇರದ್ದು. ಅದೂ ಎಲಿಜಬೆತ್‌ಗೆ. ಮೂರನೆಯದು ಕಟ್ಟಿಗೆ ಸೇರಿದ ಕೋಟೆ ಮತ್ತು ಮ್ಯಾನರ್‌ಗಳು. ಅದು ಜೇಮ್ಸ್‌ಗೆ.

ಕಾಗದದಲ್ಲಿ ಇಷ್ಟು ಸರಳ. ನೆಲದ ಮೇಲೆ ಹಾಗಿರಲಿಲ್ಲ. ಎಲಿಜಬೆತ್‌ಳ ಗಂಡ ವಾರಿಕ್‌ನ ಅರ್ಲ್ ರಿಚರ್ಡ್ ಬೋಶಾಂ, ದೇಶದ ದೊಡ್ಡ ಕುಳಗಳಲ್ಲಿ ಒಬ್ಬ. ಜೇಮ್ಸ್ ಇಪ್ಪತ್ತು ದಾಟಿದ ಹುಡುಗ. ಮಾವ ಸಾಯುತ್ತಲೇ ವಾರಿಕ್ ಕಡೆಯವರು ಕೋಟೆ ಹಿಡಿದರು. ಅದಕ್ಕಿಂತ ಮುಖ್ಯವಾಗಿ ಕೋಟೆಯೊಳಗಿನ ಪತ್ರಗಳನ್ನು ಹಿಡಿದರು. ಯಾವ ಮ್ಯಾನರ್ ಮೂರನೇ ಗಂಟಿಗೆ ಸೇರಿದ್ದು ಎಂದು ತೋರಿಸುವ ಕಾಗದವೇ ಎದುರಾಳಿಯ ಕೈಯಲ್ಲಿದ್ದರೆ ಜೇಮ್ಸ್ ಏನು ಮಾಡಬೇಕು? ಅವನು ದೊರೆಯ ತಮ್ಮ, ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿಗೆ 1000 ಮಾರ್ಕ್ ಕೊಡುವುದಾಗಿ ಹೇಳಿ ಅವನ ಬೆಂಬಲ ಕೊಂಡ. ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಲೆಕ್ಕಕ್ಕೆ ಮಾತ್ರ ಇದ್ದ ಹಣ. 1421ರಲ್ಲಿ ಜೇಮ್ಸ್‌ಗೆ ಪಾರ್ಲಿಮೆಂಟಿಗೆ ಲಾರ್ಡ್ ಆಗಿ ಕರೆ ಬಂತು.

ಎಲಿಜಬೆತ್ 1422ರಲ್ಲಿ ತೀರಿಕೊಂಡಳು. ಮೂವರು ಹೆಣ್ಣು ಮಕ್ಕಳು: ಮಾರ್ಗರೆಟ್, ಎಲಿನರ್, ಎಲಿಜಬೆತ್. ವಾರಿಕ್‌ಗೆ ಎರಡನೇ ಮದುವೆಯಲ್ಲಿ ಗಂಡು ಮಗನೂ ಆದ. ಆದರೆ ಲೈಲ್ ಜಮೀನಿನಲ್ಲಿ ಆ ಮಗನಿಗೆ ಪಾಲಿಲ್ಲ, ಅದು ಮೊದಲ ಹೆಂಡತಿಯ ಕಡೆಯಿಂದ ಬಂದದ್ದು. ಆದರೂ ವಾರಿಕ್ ತಾನು ಸಾಯುವವರೆಗೆ, ಅಂದರೆ 1439ರವರೆಗೆ, ಆ ಜಮೀನನ್ನು ಅನುಭವಿಸಬಹುದಿತ್ತು. ಮಗು ಹುಟ್ಟಿದ ಮದುವೆಯಾದರೆ ಸತ್ತ ಹೆಂಡತಿಯ ಜಮೀನು ಗಂಡನಿಗೆ ಜೀವನಪರ್ಯಂತ ಎಂಬುದು ನಿಯಮ. ವಿಧವೆಗೆ ಮೂರರಲ್ಲಿ ಒಂದು, ವಿಧುರನಿಗೆ ಪೂರ್ತಿ. ನ್ಯಾಯ ಎಲ್ಲಿ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೇನೆ.

1439ರ ನಂತರ ಜಗಳ ಮತ್ತೆ ಹೊತ್ತಿಕೊಂಡಿತು. ಹಿರಿಯ ಮಗಳು ಮಾರ್ಗರೆಟ್ ಅಷ್ಟರಲ್ಲಿ ಶ್ರೂಸ್‌ಬರಿಯ ಅರ್ಲ್ ಆಗಲಿದ್ದ ಜಾನ್ ಟಾಲ್ಬಟ್‌ನ ಹೆಂಡತಿ. ಗಟ್ಟಿಗಿತ್ತಿ. ಈ ಕಡೆ ಜೇಮ್ಸ್‌ನ ಹೆಂಡತಿ ಇಸಬೆಲ್ ಕೂಡ ಕಡಿಮೆಯಿಲ್ಲ, ನಾರ್ಫಕ್‌ನ ಡ್ಯೂಕ್ ಮನೆತನದ ಹುಡುಗಿ. ಕೇಸು ನಡೆಸಲು ಲಂಡನ್ನಿನಲ್ಲಿ ಒಬ್ಬಳೇ ಇದ್ದಾಗ ಗಂಡನಿಗೆ ಅವಳು ಬರೆದ ಒಂದು ಪತ್ರ ಉಳಿದಿದೆ. ನಾನಿಲ್ಲದೆ ರಾಜಿ ಮಾತಾಡಬೇಡಿ ಎನ್ನುತ್ತಾಳೆ. ದುಡ್ಡು ಕಳಿಸಿ, ಇಲ್ಲದಿದ್ದರೆ ಕುದುರೆ ಅಡವಿಟ್ಟು ನಡೆದುಕೊಂಡು ಬರಬೇಕಾಗುತ್ತದೆ ಎನ್ನುತ್ತಾಳೆ. ಎಷ್ಟೋ ನೂರು ರೋಲುಗಳನ್ನು, ಅಂದರೆ ಸುರುಳಿ ಸುತ್ತಿಟ್ಟ ದಾಖಲೆಗಳನ್ನು, ತಿರುವಿದ ಮೇಲೆ ಇಂಥ ಒಂದು ಸಾಲು ಸಿಕ್ಕರೆ ದಣಿವೆಲ್ಲ ಇಳಿಯುತ್ತದೆ. ಅವಳ ಕೊನೆ ಮಾತ್ರ ದುಃಖದ್ದು. ಮಾರ್ಗರೆಟ್‌ಳ ಕಡೆಯವರು ಅವಳನ್ನು ಗ್ಲಾಸ್ಟರ್‌ನಲ್ಲಿ ಸೆರೆಯಿಟ್ಟರು. 1452ರಲ್ಲಿ ಅಲ್ಲೇ ಸತ್ತಳು.

ಇಬ್ಬರು ಹೆಂಗಸರು ನಡೆಸಿದ ಜಗಳ ಮೊಮ್ಮಗನ ಕಾಲಕ್ಕೆ ಕತ್ತಿಗೆ ಬಂತು. ಮಾರ್ಗರೆಟ್‌ಳ ಮೊಮ್ಮಗ, ಲೈಲ್‌ನ ವೈಕೌಂಟ್ ಥಾಮಸ್ ಟಾಲ್ಬಟ್, ಜೇಮ್ಸ್‌ನ ಮಗ ವಿಲಿಯಂಗೆ ಸವಾಲಿನ ಪತ್ರ ಕಳಿಸಿದ. ಮರುದಿನವೇ, 1470ರ ಮಾರ್ಚ್ 20ರಂದು, ನಿಬ್ಲಿ ಗ್ರೀನ್ ಎಂಬ ಬಯಲಿನಲ್ಲಿ ಇಬ್ಬರ ಖಾಸಗಿ ಸೈನ್ಯಗಳು ಹೊಡೆದಾಡಿದವು. ಯುವಕ ಥಾಮಸ್ ಸತ್ತ. ವಿಲಿಯಂನ ಜನ ವುಟನ್‌ನ ಅವನ ಮನೆಗೆ ನುಗ್ಗಿ ಲೂಟಿ ಮಾಡಿದರು. ಇಂಗ್ಲೆಂಡಿನ ನೆಲದಲ್ಲಿ ಶ್ರೀಮಂತರು ತಮ್ಮ ತಮ್ಮ ಆಳುಗಳನ್ನು ಕಟ್ಟಿಕೊಂಡು ಮಾಡಿದ ಕೊನೆಯ ಯುದ್ಧ ಇದು ಎನ್ನುವುದು ವಾಡಿಕೆ.

ಈ ತಾರೀಖಿನಲ್ಲಿ ಒಂದು ಕಲ್ಲಿದೆ. ನಾನು ಮೊದಲ ಸಲ ಇದನ್ನು ಓದಿದಾಗ ಒಂದು ಕಡೆ 1469, ಇನ್ನೊಂದು ಕಡೆ 1470 ಎಂದಿತ್ತು. ಎರಡು ಕದನ ಇರಬೇಕು ಎಂದು ಒಂದು ವಾರ ಹುಡುಕಿದೆ. ಆಮೇಲೆ ಬುದ್ಧಿ ಬಂತು. ಆಗಿನ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಮಾರ್ಚ್ 20 ಅವರಿಗಿನ್ನೂ 1469. ಕೋರ್ಟಿನ ಕಾಗದಗಳಲ್ಲಿ ಇಸವಿ ಕೂಡ ಇರುವುದಿಲ್ಲ, ದೊರೆಯ ಆಳ್ವಿಕೆಯ ಎಷ್ಟನೇ ವರ್ಷ ಎಂದಿರುತ್ತದೆ. ಮೂರನೆಯ ಎಡ್ವರ್ಡ್‌ನ 23ನೇ ವರ್ಷ ಎಂದರೆ 1349ರ ಜನವರಿ 25ರಿಂದ ಮುಂದಿನ ಜನವರಿ 24ರವರೆಗೆ. ಇದರ ಪಟ್ಟಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳದೆ ಕೆಲಸ ಶುರು ಮಾಡಬೇಡಿ.

ಗೆದ್ದ ವಿಲಿಯಂ ಏನು ಮಾಡಿದ? ಇದು ನನಗೆ ಬಹಳ ಇಷ್ಟದ ಭಾಗ. ಅವನಿಗೆ ಮಕ್ಕಳು ಉಳಿಯಲಿಲ್ಲ. ತಮ್ಮ ಮಾರಿಸ್‌ನೊಂದಿಗೆ ಸರಿಯಿರಲಿಲ್ಲ. ತಮ್ಮ ಬ್ರಿಸ್ಟಲ್‌ನ ವರ್ತಕನೊಬ್ಬನ ಮಗಳನ್ನು ಮದುವೆಯಾಗಿ ಮನೆತನದ ಮರ್ಯಾದೆ ಕಳೆದ ಎನ್ನುವುದು ಅಣ್ಣನ ದೂರು ಎನ್ನುತ್ತಾರೆ. ಮನೆತನದ ಮೂಲಪುರುಷನೇ ಬ್ರಿಸ್ಟಲ್‌ನ ವರ್ತಕ ಎನ್ನುವುದು ಅವನಿಗೆ ಮರೆತೇ ಹೋಗಿತ್ತು! ಇನ್ನೊಂದು ಕಡೆ ಅವನಿಗೆ ಬಿರುದಿನ ಹುಚ್ಚು. ವೈಕೌಂಟ್ ಆದ, ಅರ್ಲ್ ಆದ, 1489ರಲ್ಲಿ ಮಾರ್ಕ್ವಿಸ್ ಆದ. ಪ್ರತಿಯಾಗಿ ಕೋಟೆ ಮತ್ತು ಮ್ಯಾನರ್‌ಗಳನ್ನು ತನ್ನ ನಂತರ ಏಳನೆಯ ಹೆನ್ರಿ ದೊರೆಗೆ ಮತ್ತು 'ಅವನ ಒಡಲಿನ ಗಂಡು ವಾರಸುದಾರರಿಗೆ' ಹೋಗುವಂತೆ ಬರೆದುಕೊಟ್ಟ. ಅಜ್ಜನ ಅಜ್ಜ ಕಟ್ಟಿದ ಗಂಟನ್ನು ಹೀಗೆ ಬಿಚ್ಚಿದ. ಮನೆತನ ಅವನನ್ನು 'ವೇಸ್ಟ್ ಆಲ್', ಎಲ್ಲ ಹಾಳು ಮಾಡಿದವ, ಎಂದು ಕರೆಯಿತು. 1492ರಲ್ಲಿ ಅವನು ಸತ್ತಾಗ ಕೋಟೆ ದೊರೆಯದ್ದಾಯಿತು.

ಆ ನಾಲ್ಕು ಪದ ಮತ್ತೆ ಬಂದವು, ನೋಡಿ. 1553ರಲ್ಲಿ ಆರನೆಯ ಎಡ್ವರ್ಡ್ 15ನೇ ವಯಸ್ಸಿನಲ್ಲಿ ಸತ್ತ. ಏಳನೆಯ ಹೆನ್ರಿಯ ಗಂಡು ಸಾಲು ಅಲ್ಲಿಗೆ ಮುಗಿಯಿತು. ಮೇರಿ ಇಂಗ್ಲೆಂಡಿಗೆ ರಾಣಿಯಾದಳು, ದೇಶಪೂರ್ತಿ ಅವಳದ್ದಾಯಿತು. ಬಾರ್ಕ್ಲಿ ಕೋಟೆ ಮಾತ್ರ ಅವಳದ್ದಾಗಲಿಲ್ಲ. ಅದು ವಿಲಿಯಂನ ತಮ್ಮ ಮಾರಿಸ್‌ನ ಸಾಲಿನಲ್ಲಿದ್ದ ಹೆನ್ರಿ ಬಾರ್ಕ್ಲಿಗೆ ಹಿಂತಿರುಗಿತು. ಬರೀ ವಂಶವೃಕ್ಷ ನೋಡಿದವರಿಗೆ ಈ 61 ವರ್ಷದ ಕಥೆ ಕಾಣುವುದೇ ಇಲ್ಲ. ಅಣ್ಣ, ತಮ್ಮ, ತಮ್ಮನ ಮಗ ಎಂದು ಗೆರೆ ನೆಟ್ಟಗೆ ಇಳಿದಿರುತ್ತದೆ.

ಎಲಿಜಬೆತ್‌ಳ ಕಡೆಯ ಹಕ್ಕು ಏನಾಯಿತು? ನಿಬ್ಲಿಯಲ್ಲಿ ಸತ್ತ ಥಾಮಸ್‌ಗೆ ಮಕ್ಕಳಿರಲಿಲ್ಲ. ಹಕ್ಕು ಅವನ ಅಕ್ಕತಂಗಿಯರ ಸಾಲಿಗೆ ಹೋಯಿತು. ಅವರಲ್ಲಿ ಒಬ್ಬಳು ಎಲಿಜಬೆತ್ ಟಾಲ್ಬಟ್ ಎಡ್ವರ್ಡ್ ಗ್ರೇಯನ್ನು ಮದುವೆಯಾದಳು. ಅವರ ಮಗಳು ಎಲಿಜಬೆತ್ ಗ್ರೇ ಎಡ್ಮಂಡ್ ಡಡ್ಲಿಯನ್ನು ಮದುವೆಯಾದಳು. ಅವರ ಮಗ ಜಾನ್ ಡಡ್ಲಿ, ನಾರ್ಥಂಬರ್‌ಲ್ಯಾಂಡಿನ ಡ್ಯೂಕ್. ಅವನ ಮಗಳು ಮೇರಿ ಹೆನ್ರಿ ಸಿಡ್ನಿಯನ್ನು ಮದುವೆಯಾದಳು. ಅವರ ಮಗ ರಾಬರ್ಟ್ ಸಿಡ್ನಿ. ಲೈಲ್, ಬಾರ್ಕ್ಲಿ, ಬೋಶಾಂ, ಟಾಲ್ಬಟ್, ಗ್ರೇ, ಡಡ್ಲಿ, ಸಿಡ್ನಿ. ಒಂದೇ ಹಕ್ಕಿಗೆ ಏಳು ಮನೆಹೆಸರು. ಮನೆಹೆಸರು ಟೈಪ್ ಮಾಡಿ ಹುಡುಕುವವರಿಗೆ ಇದು ಎಂದಿಗೂ ಸಿಗುವುದಿಲ್ಲ. ರಾಬರ್ಟ್ ಸಿಡ್ನಿಯ ಕಾಲದಲ್ಲಿ, 1609ರಲ್ಲಿ, ವ್ಯಾಜ್ಯ ಕೊನೆಗೂ ಮುಗಿಯಿತು. 192 ವರ್ಷ.

ಈಗ ನಿಮ್ಮ ಕೊನೆಯ ಪ್ರಶ್ನೆ. ಬೆಂಗಳೂರಿನಲ್ಲಿ ಕೂತು ಮಾಡಬಹುದೇ? ದೊಡ್ಡ ಪಾಲನ್ನು ಮಾಡಬಹುದು.

ಮುಖ್ಯ ಆಕರ ಫೈನ್‌ಗಳ ಪಾದ ಅಂದೆ. ಎರಡನೆಯದು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಮ್, ಅಂದರೆ ಒಡೆಯ ಸತ್ತ ಮೇಲಿನ ವಿಚಾರಣೆ. ಹೆಣದ ಪರೀಕ್ಷೆ ಅಲ್ಲ, ಆಸ್ತಿಯದ್ದು. ನಮ್ಮಲ್ಲಿ ಪೌತಿ ಖಾತೆ ಮಾಡುವಾಗ ಕೇಳುವ ಪ್ರಶ್ನೆಗಳೇ ಹೆಚ್ಚುಕಡಿಮೆ. ದೊರೆಯಿಂದ ನೇರವಾಗಿ ಜಮೀನು ಪಡೆದವನು ಸತ್ತರೆ ದೊರೆಯ ಅಧಿಕಾರಿ ಜಮೀನಿದ್ದ ಒಂದೊಂದು ಕೌಂಟಿಯಲ್ಲೂ, ಅಂದರೆ ಜಿಲ್ಲೆಯಲ್ಲೂ, ಊರಿನ ಪಂಚರನ್ನು ಕೂಡಿಸಿ ಕೇಳುತ್ತಿದ್ದ. ಯಾವತ್ತು ಸತ್ತ? ಏನೇನು ಹಿಡಿದಿದ್ದ? ಯಾರಿಂದ, ಯಾವ ಷರತ್ತಿನಲ್ಲಿ? ವರ್ಷದ ಆದಾಯ ಎಷ್ಟು? ವಾರಸುದಾರ ಯಾರು, ವಯಸ್ಸೆಷ್ಟು? ದೊರೆಗೆ ಇದರಲ್ಲಿ ಆಸಕ್ತಿ ಏಕೆಂದರೆ ವಾರಸುದಾರ 21 ತುಂಬದ ಹುಡುಗನಾದರೆ ಜಮೀನಿನ ಆದಾಯವೂ ಅವನ ಮದುವೆ ಮಾಡಿಸುವ ಹಕ್ಕೂ ದೊರೆಗೆ. ಎರಡನ್ನೂ ಮಾರಿ ದುಡ್ಡು ಮಾಡಬಹುದಿತ್ತು. 1230ರ ದಶಕದಿಂದ 1660ರವರೆಗಿನ ಈ ಕಾಗದಗಳೇ ನಮ್ಮ ಕೆಲಸದ ಬೆನ್ನೆಲುಬು. ಎಂಟೇಲ್ ಆದ ಮ್ಯಾನರ್ ಇದ್ದರೆ ಅದನ್ನು ಕಟ್ಟಿದ ಫೈನ್ ಯಾವುದು ಎಂದೂ ಪಂಚರು ಎಷ್ಟೋ ಸಲ ಹೇಳುತ್ತಾರೆ. ಅದನ್ನು ಹಿಡಿದು ಪಾದಕ್ಕೆ ಹೋಗಬಹುದು.

ಆದರೆ ಕಣ್ಣು ಮುಚ್ಚಿ ನಂಬಬೇಡಿ. '30 ವರ್ಷ ಮತ್ತು ಮೇಲ್ಪಟ್ಟು' ಎಂದಿದ್ದರೆ ಅದು ಅಂದಾಜು, 40 ಕೂಡ ಇರಬಹುದು. ಆದಾಯವನ್ನು ಕಡಿಮೆ ತೋರಿಸುವುದು ಆಗಲೂ ಇತ್ತು. ಹುಡುಗನಿಗೆ 21 ತುಂಬಿತು ಎಂದು ಸಾಬೀತು ಮಾಡುವ ಬೇರೆ ವಿಚಾರಣೆಯಲ್ಲಿ 12 ಜನ ಸಾಕ್ಷಿಗಳು ಬಂದು 'ಇವನ ದೀಕ್ಷಾಸ್ನಾನದ ದಿನವೇ ನಾನು ಬಿದ್ದು ಕಾಲು ಮುರಿದುಕೊಂಡೆ', 'ಅವತ್ತೇ ನನ್ನ ಮಗಳ ಮದುವೆ' ಎಂದೆಲ್ಲ ಹೇಳುತ್ತಾರೆ. ಓದಲು ಸೊಗಸು. ಬೇರೆ ಬೇರೆ ಕೌಂಟಿಗಳಲ್ಲಿ ಅದೇ ಮುರಿದ ಕಾಲು ಮತ್ತೆ ಮತ್ತೆ ಬರುವಾಗ ಗುಮಾಸ್ತನ ಕೈಚಳಕ ಗೊತ್ತಾಗುತ್ತದೆ. ಇನ್ನೊಂದು, 14ನೇ ಶತಮಾನದ ಕೊನೆಯಿಂದ ಜನ ಜಮೀನನ್ನು ನಂಬಿಕಸ್ತರ ಹೆಸರಿಗೆ ಬರೆದು ಆದಾಯ ಮಾತ್ರ ತಾವು ತಿನ್ನುವುದು ಜಾಸ್ತಿಯಾಯಿತು. ಒಂಥರಾ ಬೇನಾಮಿ, ಆದರೆ ಬಹಿರಂಗವಾಗಿಯೇ. ಆಗ ಸತ್ತವನು 'ಏನೂ ಹಿಡಿದಿರಲಿಲ್ಲ' ಎಂದು ಪಂಚರು ಬರೆಯುತ್ತಾರೆ. ಬಡವನಾಗಿದ್ದ ಎಂದುಕೊಂಡೀರಿ! ಅಂಥ ಕಡೆ ಉಯಿಲು ಹುಡುಕಬೇಕು.

ಈ ವಿಚಾರಣೆಗಳ ಇಂಗ್ಲಿಷ್ ಸಾರಾಂಶದ ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬ್ರಿಟಿಷ್ ಹಿಸ್ಟರಿ ಆನ್‌ಲೈನ್ ತಾಣದಲ್ಲಿ ವಿಕ್ಟೋರಿಯಾ ಕೌಂಟಿ ಹಿಸ್ಟರಿಯ ಬಹಳಷ್ಟು ಸಂಪುಟಗಳಿವೆ. ಅದರಲ್ಲಿ ಊರೂರಿಗೂ ಮ್ಯಾನರ್ ಇಳಿದು ಬಂದ ಸರಣಿ ಇರುತ್ತದೆ. ಅಲ್ಲಿಂದಲೇ ಶುರು ಮಾಡಿ. ಅಡಿಟಿಪ್ಪಣಿಗಳನ್ನು ಓದಿ, ಚಿನ್ನ ಇರುವುದು ಅಲ್ಲಿ. ಮೂಲ ಚರ್ಮದ ಹಾಳೆಗಳನ್ನೇ ನೋಡಬೇಕು ಎನಿಸಿದರೆ ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಂಗ್ಲೋ ಅಮೆರಿಕನ್ ಲೀಗಲ್ ಟ್ರೆಡಿಷನ್ ತಾಣದಲ್ಲಿ ಫೈನ್‌ಗಳ ಫೋಟೊಗಳಿವೆ. ಲ್ಯಾಟಿನ್ ಇದೆ ಎಂದು ಹೆದರಬೇಡಿ, ಒಂದೇ ಅಚ್ಚಿನ ವಾಕ್ಯಗಳು. ಇಪ್ಪತ್ತು ಓದಿದರೆ ಇಪ್ಪತ್ತೊಂದನೆಯದು ತಾನಾಗಿ ಓದಿಸಿಕೊಳ್ಳುತ್ತದೆ. 'ನೆಪೋಸ್' ಎಂಬ ಪದ ಕಂಡರೆ ಮಾತ್ರ ನಿಲ್ಲಿ. ಅದು ಮೊಮ್ಮಗನೂ ಆಗಬಹುದು, ಸೋದರನ ಮಗನೂ ಆಗಬಹುದು. ಒಂದು ತಲೆಮಾರೇ ಅಲ್ಲಿ ಜಾರಿಹೋಗುತ್ತದೆ.

ಬಾರ್ಕ್ಲಿಗೆ ಇನ್ನೊಂದು ಭಾಗ್ಯ ಇದೆ. 17ನೇ ಶತಮಾನದ ಆರಂಭದಲ್ಲಿ ಅವರ ಪಾರುಪತ್ಯಗಾರನಾಗಿದ್ದ, ನಿಬ್ಲಿಯಲ್ಲೇ ನೆಲೆಸಿದ್ದ ಜಾನ್ ಸ್ಮಿತ್ ಕೋಟೆಯ ಪತ್ರಗಳನ್ನೆಲ್ಲ ಓದಿ ಮನೆತನದ ದೊಡ್ಡ ಚರಿತ್ರೆ ಬರೆದಿಟ್ಟ. 1880ರ ದಶಕದಲ್ಲಿ ಅದು ಅಚ್ಚಾಯಿತು. ಓದಲೇಬೇಕಾದ್ದು. ಆದರೆ ಅವನು ಬಾರ್ಕ್ಲಿಗಳ ಸಂಬಳದ ಮನುಷ್ಯ, ಲೈಲ್ ವ್ಯಾಜ್ಯ ನಡೆಯುತ್ತಿದ್ದ ಕಾಲದವನು ಎಂಬುದನ್ನು ಮರೆಯಬೇಡಿ. ಮಾರ್ಗರೆಟ್ ಬಗ್ಗೆ ಅವನು ಬರೆದದ್ದನ್ನು ಎದುರು ಪಕ್ಷದ ವಕೀಲನ ಮಾತು ಎಂದೇ ಓದಿ.

ಸದ್ಯಕ್ಕೆ ನಿಮ್ಮ ಎರಡು ವಂಶವೃಕ್ಷಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಎಲಿಜಬೆತ್ ಹೆಸರಿನ ಕೆಳಗೆ ಕಿಂಗ್‌ಸ್ಟನ್ ಲೈಲ್ ಎಂದು ಬರೆಯಿರಿ. ಜೇಮ್ಸ್ ಹೆಸರಿನ ಕೆಳಗೆ ಬಾರ್ಕ್ಲಿ ಕೋಟೆ. ವುಟನ್ ಅಂಡರ್ ಎಜ್ ಅನ್ನು ಎರಡೂ ಕಡೆಯವರು ತಮ್ಮದು ಎಂದರು. ಅದನ್ನು ಎರಡೂ ಹೆಸರಿನ ಕೆಳಗೆ ಪೆನ್ಸಿಲ್‌ನಲ್ಲಿ ಬರೆದಿಡಿ.